ಕೆರೆಗೆ ಕಿವಿ ಕೊಟ್ಟರೆ ಏನು ಕೇಳುತ್ತದೆ? ಗುಳ್ಳೆಯ ಸದ್ದಿನಿಂದ ಮಳೆ, ಗ್ಯಾಸ್ ಅಳೆಯುವ ಲೆಕ್ಕಾಚಾರ

‘ಸಮುದ್ರದೊಳಗೆ ಮೈಕ್ ಇಳಿಸಿ ಮಳೆ ಅಳೆದರು’, ‘ಗುಳ್ಳೆಯ ಸದ್ದು ಹಿಡಿದು ಗ್ಯಾಸ್ ಸೋರಿಕೆ ಪತ್ತೆ ಮಾಡಿದರು’ ಎನ್ನುವ ಥರದ ಸುದ್ದಿ ಆಗಾಗ ಬರುತ್ತದೆ. ಓದಿದವರಿಗೆ ಎರಡು ಅನುಮಾನ ಒಟ್ಟಿಗೇ ಹುಟ್ಟುತ್ತವೆ. ಗುಳ್ಳೆಗೆ ಸದ್ದಿದೆಯಾ? ಇದ್ದರೂ ಅದನ್ನು ಕೇಳಿ ಇಷ್ಟು ಮಿಲಿಮೀಟರ್ ಮಳೆ, ಇಷ್ಟು ಲೀಟರ್ ಗ್ಯಾಸ್ ಎಂದು ಹೇಳುವುದು ಹೇಗೆ? ಇದಕ್ಕೆ ‘ಪ್ಯಾಸಿವ್ ರಿಮೋಟ್ ಸೆನ್ಸಿಂಗ್’ ಎಂಬ ದೊಡ್ಡ ಹೆಸರು ಬೇರೆ. ರಿಮೋಟ್ ಸೆನ್ಸಿಂಗ್, ಅಂದರೆ ದೂರದಿಂದಲೇ ಅಳೆಯುವುದು, ಎಂದಾಗ ಬೆಂಗಳೂರಿನವರ ಮನಸ್ಸಿಗೆ ಬರುವುದು ಇಸ್ರೋ, ಉಪಗ್ರಹ, ಆಕಾಶದಿಂದ ತೆಗೆದ ಬಣ್ಣಬಣ್ಣದ ನಕ್ಷೆ. ನೀರೊಳಗಿನ ಗುಳ್ಳೆಯಂತೂ ಅಲ್ಲ.

ಸಮುದ್ರವೇ ಇಲ್ಲದ ಊರಿಗೆ ಇದರಿಂದ ಏನಾಗಬೇಕು ಅನ್ನಿಸಬಹುದು. ಆದರೆ ಗುಳ್ಳೆ ಏಳುವ ಕೆರೆಗಳು ಇಲ್ಲೇ ಇವೆಯಲ್ಲ. ಬೆಳ್ಳಂದೂರು ಕೆರೆ 2015ರ ಮೇ, 2017ರ ಫೆಬ್ರವರಿ, 2018ರ ಜನವರಿಯಲ್ಲಿ ಹೊತ್ತಿಕೊಂಡಾಗ ‘ಮೀಥೇನ್’ ಎನ್ನುವ ಪದ ಊರಿನವರ ಬಾಯಿಗೆ ಬಂತು. ಒಣಹುಲ್ಲಿಗೋ ಕಸಕ್ಕೋ ಯಾರೋ ಹಚ್ಚಿದ ಬೆಂಕಿ ಎಂದವರಿದ್ದರು. ಕೆರೆಯ ತಳದಿಂದ ಎದ್ದ ಗ್ಯಾಸ್ ಎಂದವರೂ ಇದ್ದರು. ವಾದ ತೀರಲಿಲ್ಲ. ತೀರುವುದು ಸುಲಭವೂ ಅಲ್ಲ. ಈ ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ. ಇಲ್ಲೊಂದು ಗಳಿಗೆ, ಅಲ್ಲೊಂದು ಗಳಿಗೆ ಎದ್ದು ಹೋಗುತ್ತದೆ. ಬೆಂಕಿ ಬಿದ್ದ ದಿನ ಬೆಂಕಿ ಬಿದ್ದ ಜಾಗದಲ್ಲಿ ಎಷ್ಟಿತ್ತು ಎಂದು ಆಮೇಲೆ ಹೇಳುವುದು ಕಷ್ಟ.

ಗುಳ್ಳೆಯ ಸದ್ದು ಈ ಕೊರತೆಯನ್ನು ತುಂಬಬಲ್ಲದೇ? ಅರ್ಧ ತುಂಬಬಲ್ಲದು. ಯಾವ ಅರ್ಧ ಎಂಬಲ್ಲೇ ಗೊಂದಲ ಇರುವುದು.

ಗುಳ್ಳೆ ಹಾಡುವುದು ಹುಟ್ಟುವಾಗ

ನೀರಿನ ಮೇಲಿನ ಗುಳ್ಳೆ ಅಂದರೆ ನಮ್ಮಲ್ಲಿ ಕ್ಷಣದಲ್ಲಿ ಇಲ್ಲವಾಗುವ ವಸ್ತು ಎಂದೇ ಅರ್ಥ. ಅದು ಒಡೆಯುವಾಗ ಸದ್ದು ಮಾಡುತ್ತದೆ ಎಂದು ಹಲವರು ಅಂದುಕೊಂಡಿರುತ್ತಾರೆ. ನೀರೊಳಗೆ ನಡೆಯುವುದು ಇದಕ್ಕೆ ತಿರುಗುಮುರುಗು. ಗುಳ್ಳೆ ಹಾಡುವುದು ಹುಟ್ಟುವ ಗಳಿಗೆಯಲ್ಲಿ. ಆಮೇಲೆ ಅದು ಮೇಲೇರುವಾಗ ಬಹುಮಟ್ಟಿಗೆ ಮೌನ.

ರಾತ್ರಿ ನಿದ್ದೆಗೆಡಿಸುವ ನಲ್ಲಿಯ ತೊಟ್ಟಿಕ್ಕುವ ಸದ್ದನ್ನೇ ನೋಡಿ. ಹನಿ ನೀರಿಗೆ ಬಡಿದದ್ದಕ್ಕೆ ಆ ‘ಟ್ಲಿಂಕ್’ ಬರುತ್ತದೆ ಅನ್ನಿಸುತ್ತದೆ, ಅಲ್ವಾ? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ವೇಗದ ಕ್ಯಾಮೆರಾ ಮತ್ತು ಮೈಕ್ ಇಟ್ಟು ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳಿತು. ಹನಿ ಬಡಿಯುವ ಗಳಿಗೆ ಹೆಚ್ಚುಕಡಿಮೆ ನಿಶ್ಶಬ್ದ. ಬಡಿದಲ್ಲಿ ನೀರು ತಗ್ಗಾಗುತ್ತದೆ, ಆ ತಗ್ಗು ಮುಚ್ಚಿಕೊಳ್ಳುವಾಗ ಕೆಳಗೊಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆಯ ಕಂಪನವೇ ನಮ್ಮ ಕಿವಿಗೆ ಬರುವ ಸದ್ದು. ಬಕೆಟ್ಟಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿದರೆ ಸದ್ದು ನಿಲ್ಲುತ್ತದೆ. ಸೋಪು ನೀರಿನ ಮೇಲ್ಮೈ ಬಿಗಿತವನ್ನು ಕಡಿಮೆ ಮಾಡುತ್ತದೆ, ಗುಳ್ಳೆ ಸಿಕ್ಕಿಬೀಳುವುದಿಲ್ಲ. ಈ ಸೋಪಿನ ವಿಷಯ ನೆನಪಿನಲ್ಲಿರಲಿ. ಬೆಳ್ಳಂದೂರಿಗೆ ಬಂದಾಗ ಬೇಕಾಗುತ್ತದೆ.

ಕಂಪನ ಯಾಕೆ? ಗುಳ್ಳೆಯೊಳಗಿನ ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ಸುತ್ತಲಿನ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ಗುಳ್ಳೆ ಕಿತ್ತುಕೊಂಡು ಬೇರೆಯಾಗುವಾಗ ಒಂದು ಜರ್ಕ್ ಆಗುತ್ತದೆ. ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಕೆಲವೇ ಮಿಲಿಸೆಕೆಂಡಿನಲ್ಲಿ ಎಲ್ಲ ತಣ್ಣಗಾಗುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಈ ಕುಗ್ಗು-ಹಿಗ್ಗು ನಿಧಾನ, ಸ್ವರ ಕೆಳಗೆ. ಚಿಕ್ಕದಾದಷ್ಟೂ ಸ್ವರ ಮೇಲೆ.

ಇದಕ್ಕೆ ಲೆಕ್ಕ ಕೊಟ್ಟವರು ಮಾರ್ಸೆಲ್ ಮಿನ್ನಾರ್ಟ್, 1933ರಲ್ಲಿ. ಮಜಾ ಅಂದರೆ ಅವರು ನೆದರ್‌ಲ್ಯಾಂಡ್ಸಿನಲ್ಲಿ ಸೂರ್ಯನ ಬೆಳಕನ್ನು ಅಭ್ಯಾಸ ಮಾಡುತ್ತಿದ್ದ ಖಗೋಳ ವಿಜ್ಞಾನಿ. ಅವರ ಸೂತ್ರದ ಪ್ರಕಾರ ಸಮುದ್ರಮಟ್ಟದಲ್ಲಿ, ನೀರಿನ ಮೇಲ್ಭಾಗದಲ್ಲಿ, 1 ಮಿಲಿಮೀಟರ್ ತ್ರಿಜ್ಯದ ಗಾಳಿಗುಳ್ಳೆಯ ಸ್ವರ ಸುಮಾರು 3.26 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 3,260 ಕಂಪನ. 1 ಸೆಂಟಿಮೀಟರ್ ತ್ರಿಜ್ಯದ ಗುಳ್ಳೆಯದು 326 ಹರ್ಟ್ಸ್. ಸ್ವರ ಗೊತ್ತಾದರೆ ಗಾತ್ರ ಗೊತ್ತಾಯಿತು. ಇಡೀ ವಿದ್ಯೆಯ ಅಡಿಪಾಯ ಇಷ್ಟೇ.

ಒತ್ತಡವೂ ಲೆಕ್ಕಕ್ಕೆ ಬರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಅದೇ ಗಾತ್ರದ ಗುಳ್ಳೆಯ ಸ್ವರ ಸುಮಾರು 1.4 ಪಟ್ಟು ಏರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಸ್ವಲ್ಪ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ 3.26 ಕಿಲೋಹರ್ಟ್ಸ್‌ನಲ್ಲಿ ಹಾಡುವ ಗುಳ್ಳೆ ಇಲ್ಲಿ 3.1ರ ಹತ್ತಿರ ಹಾಡಬೇಕು. ಸಂಗೀತದ ಲೆಕ್ಕದಲ್ಲಿ ಒಂದು ಸ್ವರಸ್ಥಾನದಷ್ಟೂ ವ್ಯತ್ಯಾಸ ಇಲ್ಲ. ಆದರೂ ಕಡಲಿನ ಸೂತ್ರವನ್ನು ಹಾಗೇ ತಂದು ಕೆರೆಗೆ ಹಾಕುವಂತಿಲ್ಲ ಎನ್ನುವುದಕ್ಕೆ ಇದು ಚಿಕ್ಕ ಸೂಚನೆ.

ಪ್ಯಾಸಿವ್ ಅಂದರೆ ಸುಮ್ನೆ ಕೇಳುವುದು

ಸೋನಾರ್ ತಾನೇ ಒಂದು ಸದ್ದು ಕಳಿಸಿ ಅದರ ಪ್ರತಿಧ್ವನಿಗೆ ಕಾಯುತ್ತದೆ. ಅದು ಆಕ್ಟಿವ್. ಹೈಡ್ರೋಫೋನ್ ಎಂಬ ನೀರಿನ ಮೈಕ್ ಏನೂ ಕಳಿಸುವುದಿಲ್ಲ, ಬಂದದ್ದನ್ನು ಕೇಳುತ್ತದೆ. ಅದು ಪ್ಯಾಸಿವ್. ಕರೆಂಟ್ ಕಡಿಮೆ ಸಾಕು, ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ನೀರಿನ ಜೀವಿಗಳಿಗೆ ತೊಂದರೆ ಇಲ್ಲ.

ಸದ್ದೇ ಯಾಕೆ ಬೇಕು? ಬೆಳಕು, ರೇಡಿಯೋ ಅಲೆ ಎರಡೂ ನೀರಿನಲ್ಲಿ ಬೇಗ ಸೋಲುತ್ತವೆ. ಸದ್ದು ಮಾತ್ರ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿ ಹೋಗುವುದರ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ, ಬಹಳ ದೂರ ಹೋಗುತ್ತದೆ. ಉಪಗ್ರಹಕ್ಕೆ ಸಮುದ್ರದ ಚರ್ಮ ಕಾಣುತ್ತದೆ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಕಿವಿ ಬೇಕು.

ಮಳೆಯ ಸ್ವರ, ಗಾಳಿಯ ಸ್ವರ

ಈ ವಿದ್ಯೆ ಚೆನ್ನಾಗಿ ಪಳಗಿರುವುದು ಮಳೆಯಲ್ಲಿ. ನಡುಗಡಲಿನಲ್ಲಿ ಮಳೆ ಅಳೆಯುವುದು ಎಷ್ಟು ಕಷ್ಟ ಎಂದು ಮೊದಲು ಯೋಚಿಸಿ. ಮಳೆಮಾಪಕವನ್ನು ತೇಲುಬುರುಡೆಯ ಮೇಲೆ ಇಟ್ಟರೆ ಅದು ಓಲಾಡುತ್ತದೆ, ಗಾಳಿ ಹನಿಗಳನ್ನು ಪಕ್ಕಕ್ಕೆ ಹಾರಿಸುತ್ತದೆ, ಅಲೆಯ ಉಪ್ಪುನೀರು ಒಳಗೆ ಚಿಮ್ಮುತ್ತದೆ. ಉಪಗ್ರಹ ಅಳೆಯುತ್ತದೆ, ನಿಜ. ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಇದೇ ಕೆಲಸಕ್ಕೆ ಹೋಗಿತ್ತು. ಆದರೆ ಉಪಗ್ರಹ ಒಂದೇ ಜಾಗದ ಮೇಲೆ ಇಡೀ ದಿನ ನಿಲ್ಲುವುದಿಲ್ಲ. ಅದು ಬಂದು ಹೋಗುವುದರ ನಡುವೆ ಮಳೆಯೂ ಬಂದು ಹೋಗಿರುತ್ತದೆ.

ನೀರೊಳಗಿನ ಕಿವಿಗೆ ಈ ಕಷ್ಟ ಇಲ್ಲ. ಪ್ರಯೋಗಾಲಯದಲ್ಲಿ ಹನಿಗಳನ್ನು ಗಾತ್ರದ ಪ್ರಕಾರ ಬೀಳಿಸಿ ನೋಡಿದಾಗ ಕಂಡ ವಿಷಯ ವಿಚಿತ್ರವಾಗಿದೆ. ಸುಮಾರು 1 ಮಿಲಿಮೀಟರ್ ಅಗಲದ ಸಣ್ಣ ಹನಿ ಬಿದ್ದಾಗ ತಪ್ಪದೆ ಒಂದು ಪುಟ್ಟ ಗುಳ್ಳೆ ಸಿಕ್ಕಿಬೀಳುತ್ತದೆ. ಆ ಗುಳ್ಳೆಯ ತ್ರಿಜ್ಯ ಸುಮಾರು 0.2 ಮಿಲಿಮೀಟರ್, ಸ್ವರ 15 ಕಿಲೋಹರ್ಟ್ಸ್ ಆಸುಪಾಸು. ಸುಮಾರು 1.2ರಿಂದ 2 ಮಿಲಿಮೀಟರಿನ ನಡುಗಾತ್ರದ ಹನಿಗಳಲ್ಲಿ ಗುಳ್ಳೆ ಸಿಕ್ಕಿಬೀಳುವುದೇ ಇಲ್ಲ ಎನ್ನಬಹುದು, ಅವು ಹೆಚ್ಚುಕಡಿಮೆ ಮೂಕ. ಅದಕ್ಕಿಂತ ದಪ್ಪ ಹನಿಗಳು ನೀರನ್ನು ಚಿಮ್ಮಿಸಿ, ಬೇರೆ ಬೇರೆ ಗಾತ್ರದ ಗುಳ್ಳೆ ಹುಟ್ಟಿಸಿ, ಕೆಳಗಿನ ಸ್ವರಗಳಲ್ಲೂ ಗದ್ದಲ ಎಬ್ಬಿಸುತ್ತವೆ. ಹಾಗಾಗಿ 15 ಕಿಲೋಹರ್ಟ್ಸ್‌ನಲ್ಲಿ ಮಾತ್ರ ಶಿಖರ ಕಂಡರೆ ತುಂತುರು. ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರವೂ ಏರಿದರೆ ಜಡಿಮಳೆ. ಶಿಖರ ಇದೆ ಎಂದರೆ ಅಲ್ಲಿ ಸಣ್ಣ ಹನಿ ಇದೆ, ಗದ್ದಲ ಇದೆ ಎಂದರೆ ದಪ್ಪ ಹನಿ ಇದೆ. ಹನಿಗಳ ಗಾತ್ರ, ಸಂಖ್ಯೆ ಅಂದಾಜಾದರೆ ಮಳೆಯ ಪ್ರಮಾಣವೂ ಅಂದಾಜಾಗುತ್ತದೆ.

ಗಾಳಿಗೂ ಹೀಗೇ ಒಂದು ಸಹಿ ಇದೆ. ಗಾಳಿ ಬೀಸಿ ಅಲೆಯ ತಲೆ ಒಡೆದಾಗ ನೊರೆಯ ಜೊತೆ ಗುಳ್ಳೆಗಳ ಮಂದೆಯೇ ನೀರಿಗಿಳಿಯುತ್ತದೆ. ಅದರ ಸದ್ದು ಮೇಲಿನ ಸ್ವರಗಳ ಕಡೆಗೆ ಹೋದಂತೆ ಒಂದೇ ಇಳಿಜಾರಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಸಬ್‌ಮರೀನ್ ಹುಡುಕುವವರಿಗೆ ಇದು ತಲೆನೋವಾಗಿತ್ತು. ಆ ಕಾಲದ ಅಳತೆಗಳನ್ನು ವರ್ನ್ ಕ್ನಡ್ಸನ್ ಮತ್ತು ಜೊತೆಯವರು 1948ರಲ್ಲಿ ಪ್ರಕಟಿಸಿದರು. ಅಂದು ಅಡ್ಡಿಯಾಗಿದ್ದ ಸದ್ದು ಇಂದು ಗಾಳಿಯ ವೇಗ ಹೇಳುವ ಮಾಪಕ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ನಿಸ್ಟುಯೆನ್ ಇದಕ್ಕಾಗಿಯೇ ಒಂದು ಪುಟ್ಟ ಉಪಕರಣ ಮಾಡಿದರು. ಅದು ಕೆಲವು ನಿಮಿಷಕ್ಕೊಮ್ಮೆ ಎದ್ದು, ಕೆಲವೇ ಸೆಕೆಂಡ್ ಕೇಳಿ, ಯಾವ ಸ್ವರ ಎಷ್ಟಿತ್ತು ಎಂದು ಬರೆದಿಟ್ಟು ಮತ್ತೆ ಮಲಗುತ್ತದೆ. ಪೂರ್ತಿ ಧ್ವನಿಮುದ್ರಣ ಇಟ್ಟುಕೊಳ್ಳುವುದಿಲ್ಲ. ಬ್ಯಾಟರಿ ಉಳಿಯುತ್ತದೆ. ಅಷ್ಟೇ ಮುಖ್ಯವಾಗಿ, ಯಾವ ದೇಶದ ನೌಕಾಪಡೆಗೂ ತನ್ನ ಹಡಗಿನ ಸದ್ದು ಯಾರದೋ ಕಂಪ್ಯೂಟರಿನಲ್ಲಿ ಕೂತಿದೆ ಎಂಬ ಚಿಂತೆ ಇರುವುದಿಲ್ಲ. ಸಮುದ್ರದ ಸದ್ದಿನ ದತ್ತಾಂಶ ಎಲ್ಲ ದೇಶಗಳಲ್ಲೂ ಸೂಕ್ಷ್ಮ ವಿಷಯ. ಇಂಥ ಕಿವಿಗಳನ್ನು, ಕಡಲಲ್ಲಿ ತಾವೇ ಮುಳುಗಿ ಏಳುತ್ತಾ ಅಳತೆ ಮಾಡುವ ಆರ್ಗೋ ಫ್ಲೋಟುಗಳಿಗೆ ಕಟ್ಟಿ ಬಂಗಾಳಕೊಲ್ಲಿಯಲ್ಲಿ ಬಿಟ್ಟು, ಮುಂಗಾರಿನ ಗಾಳಿ-ಮಳೆ ಕೇಳಿದ ಅಧ್ಯಯನ 2008ರಲ್ಲಿ ಬಂತು. ಕಡಲೊಳಗೆ ಒಂದು ಕಿಲೋಮೀಟರ್ ಆಳದಲ್ಲಿರುವ ಕಿವಿ ಮೇಲಿನ ಹಲವು ಕಿಲೋಮೀಟರ್ ಅಗಲದ ಮಳೆಯ ಸರಾಸರಿಯನ್ನು ಕೇಳುತ್ತದೆ. ಮಳೆಮಾಪಕದ ಬಾಯಿ ಒಂದು ತಟ್ಟೆಯಷ್ಟು ಅಗಲ. ನಮ್ಮ ಮುಂಗಾರಿನ ಒಂದು ಕವಲು ಬಂಗಾಳಕೊಲ್ಲಿಯಲ್ಲಿ ಇರುವುದರಿಂದ ಇದು ದೂರದ ದೇಶದ ಕಥೆಯೇನೂ ಅಲ್ಲ. ಅಂದಹಾಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬ್ರಿಟನ್ನಿನವರ ಜೊತೆ 2016ರಲ್ಲಿ ಅದೇ ಕೊಲ್ಲಿಯಲ್ಲಿ ನಡೆಸಿದ ‘ಬಾಬಲ್’ ಪ್ರಯೋಗಕ್ಕೂ ಗುಳ್ಳೆಗೂ ಸಂಬಂಧ ಇಲ್ಲ. ಹೆಸರು ಮಾತ್ರ ಗುಳ್ಳೆಯ ಇಂಗ್ಲಿಷ್ ಪದ ‘ಬಬಲ್’ಗೆ ಹತ್ತಿರ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನಮ್ಮ ಕರಾವಳಿಯ ನೀರೊಳಗಿನ ಸದ್ದನ್ನು ವರ್ಷಗಳಿಂದ ಅಳೆಯುತ್ತಿದೆ, ಮಳೆಯ ಸದ್ದೂ ಅದರಲ್ಲಿ ಸೇರಿದೆ. ಆದರೆ ಬೆಚ್ಚಗಿನ, ಆಳ ಕಡಿಮೆ ಇರುವ ಕಡಲಿನಲ್ಲಿ ಒಂದು ಕಾಟ ಇದೆ. ಚಿಟಿಕೆ ಹೊಡೆಯುವ ಸಿಗಡಿ! ಅದು ಕೊಂಡಿಯನ್ನು ಎಷ್ಟು ವೇಗವಾಗಿ ಮುಚ್ಚುತ್ತದೆಂದರೆ ನೀರು ಚಿಮ್ಮಿದಲ್ಲಿ ಒಂದು ಪೊಳ್ಳುಗುಳ್ಳೆ ಹುಟ್ಟಿ ಕುಸಿಯುತ್ತದೆ. ಚಟ್ ಎನ್ನುವ ಸದ್ದು ಬರುವುದು ಆ ಕುಸಿತದಿಂದಲೇ, ಕೊಂಡಿ ಬಡಿದದ್ದರಿಂದ ಅಲ್ಲ ಎಂದು 2000ದಲ್ಲಿ ಗೊತ್ತಾಯಿತು. ಇಂಥವು ಸಾವಿರಾರು ಸೇರಿದರೆ ಮಳೆಯ ಸ್ವರ ಇರುವ ಜಾಗದಲ್ಲೇ ಗಲಾಟೆ.

ತಳದಿಂದ ಏಳುವ ಗ್ಯಾಸ್

ಮಳೆಯ ಗುಳ್ಳೆ ಮೇಲಿನಿಂದ ಬಂದದ್ದು. ತಳದಿಂದ ಏಳುವ ಗುಳ್ಳೆಯೂ ಕೆಸರಿನಿಂದ ಕಿತ್ತುಕೊಳ್ಳುವಾಗ ಹಾಡುತ್ತದೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ಲೇಟನ್ ಮತ್ತು ಪಾಲ್ ವೈಟ್ ಈ ಸದ್ದಿನಿಂದ ಗ್ಯಾಸಿನ ಪ್ರಮಾಣ ಲೆಕ್ಕ ಹಾಕುವ ವಿಧಾನವನ್ನು 2012ರಲ್ಲಿ ವಿವರಿಸಿದರು. ಅದೇ ವರ್ಷ ಸ್ಕಾಟ್ಲೆಂಡಿನ ಒಂದು ಕೊಲ್ಲಿಯಲ್ಲಿ ದೊಡ್ಡ ಪ್ರಯೋಗ ನಡೆಯಿತು. ಸಮುದ್ರತಳದಿಂದ 11 ಮೀಟರ್ ಕೆಳಗೆ, 37 ದಿನ, ಒಟ್ಟು 4.2 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರು. ನೆಲದಡಿಯಲ್ಲಿ ಹೂತಿಟ್ಟ ಗ್ಯಾಸ್ ಸೋರಿದರೆ ಹೇಗೆ ಗೊತ್ತಾಗುತ್ತದೆ ಎಂದು ನೋಡುವುದು ಉದ್ದೇಶ.

ಹೈಡ್ರೋಫೋನ್ ಹೇಳಿದ ಅತಿ ಉಪಯುಕ್ತ ವಿಷಯ ಇದು: ಸಮುದ್ರ ಇಳಿತದಲ್ಲಿದ್ದಾಗ ಗುಳ್ಳೆ ಜಾಸ್ತಿ, ಉಬ್ಬರದಲ್ಲಿ ಕಡಿಮೆ. ಮೇಲಿನ ನೀರಿನ ಭಾರ ಇಳಿದರೆ ಗ್ಯಾಸ್ ಸುಲಭವಾಗಿ ನುಗ್ಗುತ್ತದೆ. ಮುಳುಗುಗಾರರು ದಿನಕ್ಕೊಮ್ಮೆ ಹೋಗಿ ಅಳೆದಿದ್ದರೆ ಈ ಏರಿಳಿತ ತಪ್ಪಿಹೋಗುತ್ತಿತ್ತು. ಎರಡನೆಯ ವಿಷಯ ಅಷ್ಟೇ ಮುಖ್ಯ. ಬಿಟ್ಟ ಗ್ಯಾಸಿನಲ್ಲಿ ಗುಳ್ಳೆಯಾಗಿ ಹೊರಬಂದದ್ದು ಹೆಚ್ಚೆಂದರೆ ಶೇಕಡಾ 15ರಷ್ಟು. ಉಳಿದದ್ದು ಕೆಸರಿನಲ್ಲಿ, ನೀರಿನಲ್ಲಿ ಕರಗಿತ್ತು ಅಥವಾ ಅಲ್ಲೇ ಸಿಕ್ಕಿಕೊಂಡಿತ್ತು. ಕರಗಿದ ಗ್ಯಾಸಿಗೆ ಸದ್ದಿಲ್ಲ. ಕಿವಿಗೆ ಕೇಳಿದ್ದೇ ಪೂರ್ತಿ ಸೋರಿಕೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹಿಮನದಿಗಳಲ್ಲೂ ಇದೇ ಆಟ. ಹಳೆಯ ಹಿಮದಲ್ಲಿ ಒತ್ತಿ ಸಿಕ್ಕಿಕೊಂಡ ಗಾಳಿ, ಹಿಮ ಕರಗುವಾಗ ನೀರಿಗೆ ಸಿಡಿಯುತ್ತದೆ. ಹಿಮನದಿ ಸಮುದ್ರಕ್ಕೆ ಸೇರುವ ಕೊಲ್ಲಿಗಳು ಕಡಲಿನ ಅತಿ ಗದ್ದಲದ ಜಾಗಗಳಲ್ಲಿ ಸೇರುತ್ತವೆ ಎಂದು 2015ರಲ್ಲಿ ತೋರಿಸಿದರು. ಭಾರತ 2014ರಲ್ಲಿ ಆರ್ಕ್ಟಿಕ್‌ನ ಕಾಂಗ್ಸ್‌ಫ್ಯೋರ್ಡ್‌ನಲ್ಲಿ ಇಳಿಸಿದ ‘ಇಂಡ್‌ಆರ್ಕ್’ ವೀಕ್ಷಣಾಲಯ ಇರುವುದು ಅಂಥದೇ ಒಂದು ಕೊಲ್ಲಿಯಲ್ಲಿ.

ತಕರಾರು ಇರುವುದು ಎಣಿಕೆಯಲ್ಲಿ

ಇಲ್ಲಿಂದ ಮುಂದೆ ಒಮ್ಮತ ಇಲ್ಲ. ಈ ವಿಧಾನವನ್ನು ಮೆಚ್ಚುವವರ ವಾದ ಸರಳ: ಅಗ್ಗ, ನಿರಂತರ, ಯಾರಿಗೂ ಹಾನಿ ಇಲ್ಲ. ಸೋನಾರ್ ಕಡೆಯವರು ಹೇಳುವುದು ಬೇರೆ. ಗುಳ್ಳೆ ಹುಟ್ಟುವ ಒಂದು ಗಳಿಗೆಗೆ ಕಾಯುವ ಬದಲು ಮೇಲೇರುತ್ತಿರುವ ಗುಳ್ಳೆಗಳ ಸಾಲನ್ನೇ ಸೋನಾರ್‌ನಲ್ಲಿ ನೋಡಬಹುದಲ್ಲ ಎಂಬುದು ಅವರ ಮಾತು. ಇನ್ನು ಕೆರೆ-ಜೌಗಿನಲ್ಲಿ ಕೆಲಸ ಮಾಡಿದವರು ನಂಬುವುದು ತಲೆಕೆಳಗು ಮಾಡಿದ ಆಲಿಕೆಯನ್ನು. ಅದನ್ನು ನೀರಲ್ಲಿ ಮುಳುಗಿಸಿಟ್ಟು, ಸೇರಿದ ಗ್ಯಾಸನ್ನು ಅಳೆದು, ಲ್ಯಾಬಿಗೆ ಒಯ್ದರೆ ಯಾವ ಗ್ಯಾಸ್, ಎಷ್ಟು ಎಂದು ಖಚಿತವಾಗಿ ಗೊತ್ತಾಗುತ್ತದೆ.

ಮೂವರ ಮಾತಿನಲ್ಲೂ ಹುರುಳಿದೆ. ಸದ್ದಿನ ಶಕ್ತಿ ಮತ್ತು ದೌರ್ಬಲ್ಯ ಬೇರೆ ಬೇರೆ ಜಾಗದಲ್ಲಿವೆ. ಒಂದೊಂದೇ ಗುಳ್ಳೆ ನಿಧಾನವಾಗಿ ಏಳುತ್ತಿದ್ದರೆ ಎಣಿಸಬಹುದು, ಸ್ವರದಿಂದ ಗಾತ್ರ ಹೇಳಬಹುದು. ಹಾಗಿದ್ದರೂ ಸ್ವರದಲ್ಲಿ ಶೇಕಡಾ 10ರಷ್ಟು ತಪ್ಪಾದರೆ ತ್ರಿಜ್ಯದಲ್ಲೂ ಅಷ್ಟೇ ತಪ್ಪು. ಗುಳ್ಳೆಯೊಳಗಿನ ಗ್ಯಾಸ್ ತ್ರಿಜ್ಯದ ಮೂರರ ಘಾತದಲ್ಲಿ ಏರುವುದರಿಂದ ಗ್ಯಾಸಿನ ಲೆಕ್ಕದಲ್ಲಿ ಅದು ಶೇಕಡಾ 30ಕ್ಕೆ ಮುಟ್ಟುತ್ತದೆ. ಗುಳ್ಳೆಗಳು ಒಟ್ಟಿಗೆ ನುಗ್ಗಿದರಂತೂ ಎಣಿಸುವ ಮಾತೇ ಇಲ್ಲ. ಆಗ ಒಟ್ಟು ಸದ್ದಿನ ಜೋರನ್ನು ನೋಡಿ ಗುಳ್ಳೆಗಳ ಸಂಖ್ಯೆ ಊಹಿಸಬೇಕು. ಒಂದು ಗುಳ್ಳೆ ಎಷ್ಟು ಜೋರಾಗಿ ಹಾಡುತ್ತದೆ ಎನ್ನುವುದು ಅದು ಹುಟ್ಟುವಾಗ ಎಷ್ಟು ಜೋರಾಗಿ ಜರ್ಕ್ ಹೊಡೆಯಿತು ಎಂಬುದರ ಮೇಲಿದೆ. ಅದು ಕೆಸರಿನಿಂದ ಕೆಸರಿಗೆ, ತೂತಿನಿಂದ ತೂತಿಗೆ ಬೇರೆ. ಲೆಕ್ಕದಲ್ಲಿ ಅತಿ ದೊಡ್ಡ ಅನಿಶ್ಚಿತತೆ ಬರುವುದು ಇಲ್ಲಿಂದಲೇ.

ಇನ್ನೊಂದು ವಿಷಯವನ್ನು ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಒಳಗೆ ಯಾವ ಗ್ಯಾಸ್ ಇದೆ ಎಂದು ಸದ್ದು ಹೇಳುವುದಿಲ್ಲ. ಒಂದೇ ಗಾತ್ರದ ಗಾಳಿಗುಳ್ಳೆಗೂ ಮೀಥೇನ್ ಗುಳ್ಳೆಗೂ ಸ್ವರದಲ್ಲಿ ಶೇಕಡಾ 3-4ರಷ್ಟೇ ವ್ಯತ್ಯಾಸ. ಗಾತ್ರವೇ ಮೊದಲು ಗೊತ್ತಿಲ್ಲದಿದ್ದರೆ ಆ ಶೇಕಡಾ 3-4 ಗಾತ್ರದ ವ್ಯತ್ಯಾಸದಲ್ಲಿ ಮುಚ್ಚಿಹೋಗುತ್ತದೆ. ‘ಸದ್ದು ಕೇಳಿ ಮೀಥೇನ್ ಪತ್ತೆ’ ಎಂಬ ತಲೆಬರಹ ಕಂಡರೆ, ಅದು ಮೀಥೇನ್ ಎಂದು ಬೇರೆ ಯಾವುದೋ ದಾರಿಯಿಂದ ಮೊದಲೇ ಗೊತ್ತಿತ್ತು ಎಂದು ಓದಿಕೊಳ್ಳಬೇಕು.

ಬೆಳ್ಳಂದೂರಿಗೆ ಕಿವಿ ಇಟ್ಟರೆ

ಈಗ ಇದನ್ನೆಲ್ಲ ನಮ್ಮ ಕೆರೆಗೆ ತರೋಣ. ಕೊಳಚೆ ನೀರು ಬಂದು ನಿಂತರೆ ಅದರ ಗಸಿ ತಳಕ್ಕಿಳಿದು ಹೂಳಿಗೆ ಸೇರುತ್ತದೆ. ಹೂಳಿನೊಳಗೆ ಆಮ್ಲಜನಕ ಇಲ್ಲ. ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಮಾಡುತ್ತವೆ. ಆಳದ ಕೆರೆಯಾದರೆ ಗುಳ್ಳೆ ಮೇಲೆ ಬರುವಷ್ಟರಲ್ಲಿ ಒಂದಷ್ಟು ಕರಗುತ್ತದೆ, ಕರಗಿದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ. ಬೆಂಗಳೂರಿನ ಕೆರೆಗಳು ಆಳವಿಲ್ಲದವು. ಗುಳ್ಳೆ ಒಂದೇ ಓಟದಲ್ಲಿ ಗಾಳಿಗೆ ಸೇರುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು ಬಿಸಿ ಹಿಡಿಯುವ ಅನಿಲ. ಬೇಸಿಗೆಯಲ್ಲಿ ನೀರು ಬಿಸಿಯಾದಂತೆ ಸೂಕ್ಷ್ಮಜೀವಿಗಳ ಕೆಲಸ ಜೋರಾಗುತ್ತದೆ. ಅದೇ ಹೊತ್ತಿಗೆ ನೀರಿನ ಮಟ್ಟವೂ ಇಳಿಯುತ್ತದೆ. ಒಂದು ಮೀಟರ್ ಇಳಿದರೆ ತಳದ ಮೇಲಿನ ಒತ್ತಡ ಹತ್ತರಲ್ಲಿ ಒಂದು ಭಾಗದಷ್ಟು ಕಡಿಮೆ. ಸ್ಕಾಟ್ಲೆಂಡಿನಲ್ಲಿ ಇಳಿತ ಮಾಡಿದ ಕೆಲಸವನ್ನು ಇಲ್ಲಿ ಬೇಸಿಗೆ ಮಾಡುತ್ತದೆ.

ಉಪಗ್ರಹದಿಂದ ನೋಡಬಾರದಾ? ಮೀಥೇನ್ ನೋಡುವ ಯುರೋಪಿನ ಸೆಂಟಿನೆಲ್-5ಪಿ 2017ರಿಂದ ಮೇಲಿದೆ. ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 5.5 ಕಿಲೋಮೀಟರ್ ಗುಣಿಸು 7 ಕಿಲೋಮೀಟರ್. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಆ ಒಂದು ಚುಕ್ಕೆಯ ಹತ್ತನೆಯ ಒಂದು ಭಾಗ. ಊರಿನ ಅತಿ ದೊಡ್ಡ ಕೆರೆಯ ಗತಿಯೇ ಹೀಗಾದರೆ ಉಳಿದವನ್ನು ಕೇಳುವುದೇ ಬೇಡ. ಇನ್ನೂ ಸೂಕ್ಷ್ಮವಾಗಿ ನೋಡುವ ಉಪಗ್ರಹಗಳಿವೆ. ಆದರೆ ಅವು ಬಳಸುವ ಇನ್ಫ್ರಾರೆಡ್ ಬೆಳಕಿನಲ್ಲಿ ನೀರು ಕಪ್ಪು. ಮೇಲೆ ಮೋಡ ಬೇರೆ. ಹಾಗಾಗಿ ಹೈಡ್ರೋಫೋನಿನ ಮಾತು ಇಲ್ಲಿ ಸುಮ್ನೆ ಬಂದದ್ದಲ್ಲ.

ಆದರೆ ಕೆರೆ ಸಮುದ್ರದಷ್ಟು ಸುಲಭವಲ್ಲ. ಕೋಡಿಯಲ್ಲಿ ಬೀಳುವ ನೀರು ತನ್ನದೇ ಗಾಳಿಗುಳ್ಳೆ ಹುಟ್ಟಿಸುತ್ತದೆ. ಅಲ್ಲಿ ಏಳುವ ನೊರೆ ಸೋಪಿನ ನೀರು, ಗಾಳಿ ಸೇರಿ ಆದದ್ದು, ಮೀಥೇನ್ ಅಲ್ಲ. ಬೆಂಕಿ, ನೊರೆ, ಗ್ಯಾಸ್ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದು ನಮ್ಮ ಸುದ್ದಿಗಳ ಹಳೆಯ ತಪ್ಪು. ನೀರಿಗೆ ಗಾಳಿ ಬೆರೆಸುವ ಏರೇಟರ್ ಅಥವಾ ಕಾರಂಜಿ ಹಾಕಿದ ಕೆರೆಯಲ್ಲಿ ಇನ್ನಷ್ಟು ಗದ್ದಲ. ಹಗಲಲ್ಲಿ ಪಾಚಿ, ನೀರೊಳಗಿನ ಗಿಡಗಳು ಬಿಸಿಲಿಗೆ ಆಮ್ಲಜನಕದ ಗುಳ್ಳೆ ಬಿಡುತ್ತವೆ, ಅವಕ್ಕೂ ಸದ್ದಿದೆ. ನಲ್ಲಿಯ ಹನಿಯ ಬಾಯಿ ಮುಚ್ಚಿಸಿದ ಸೋಪು ಇಲ್ಲೂ ಇದೆ. ಕಡಲಿನಲ್ಲಿ 15 ಕಿಲೋಹರ್ಟ್ಸ್‌ನಲ್ಲಿ ಹಾಡುವ ತುಂತುರು ಈ ನೀರಿನಲ್ಲಿ ಹಾಗೇ ಹಾಡುತ್ತದೆ ಎಂದು ನಂಬುವಂತಿಲ್ಲ.

ಗುಳ್ಳೆ ತುಂಬಿದ ನೀರು, ಕೆಸರು ಸದ್ದನ್ನು ನುಂಗಿಯೂ ಬಿಡುತ್ತದೆ. ನೀರಿನಲ್ಲಿ ಶೇಕಡಾ 1ರಷ್ಟು ಸಣ್ಣ ಗುಳ್ಳೆ ಬೆರೆತರೆ ಸಾಕು, ಸದ್ದಿನ ವೇಗ ಸೆಕೆಂಡಿಗೆ 1500 ಮೀಟರಿನಿಂದ ನೂರು ಮೀಟರ್ ಆಸುಪಾಸಿಗೆ ಕುಸಿಯುತ್ತದೆ. ಬರೀ ಗಾಳಿಯಲ್ಲಿ ಅದು ಸುಮಾರು 340. ನೀರು, ಗಾಳಿ ಎರಡರಲ್ಲೂ ಓಡುವ ಸದ್ದು ಎರಡೂ ಬೆರೆತಲ್ಲಿ ತೆವಳುತ್ತದೆ! ಹಾಗಾಗಿ ಆಳವಿಲ್ಲದ ಕೆರೆಯಲ್ಲಿ ಒಂದು ಹೈಡ್ರೋಫೋನಿನ ಕಿವಿ ಅಕ್ಕಪಕ್ಕದ ಜಾಗಕ್ಕೆ ಮಾತ್ರ. ಇಡೀ ಕೆರೆಗೆ ಒಂದು ಸಾಕು ಎಂದು ಯಾರಾದರೂ ಹೇಳಿದರೆ ಅನುಮಾನಿಸಬೇಕು.

ಇಷ್ಟಾದರೂ ಒಂದು ಹೊತ್ತು ಇದಕ್ಕೆ ಚೆನ್ನಾಗಿ ಕೂಡಿಬರುತ್ತದೆ: ಬೆಳಗಿನ ಜಾವ 4 ಗಂಟೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ. ಹತ್ತು ಗಂಟೆಯ ಸುಮಾರಿಗೆ ಜಾಸ್ತಿ, ನಾಲ್ಕರ ಸುಮಾರಿಗೆ ಕಡಿಮೆ, ಹಗಲೂ ಹಾಗೆ, ರಾತ್ರಿಯೂ ಹಾಗೆ. ಏರಿಳಿತ ಕೆಲವೇ ಸೆಂಟಿಮೀಟರ್ ನೀರಿನ ಭಾರದಷ್ಟು. ಅಷ್ಟಕ್ಕೇ ಹೂಳಿನ ಗ್ಯಾಸ್ ಮಿಡಿಯುತ್ತದೆಯೇ ಎಂಬುದು ಕೇಳಿ ನೋಡಬೇಕಾದ ಪ್ರಶ್ನೆ. ಆ ಜಾವದಲ್ಲಿ ಬಿಸಿಲಿಲ್ಲ, ಪಾಚಿಯ ಗುಳ್ಳೆ ಇಲ್ಲ. ಹೊರವರ್ತುಲ ರಸ್ತೆಯೂ ಸ್ವಲ್ಪ ಉಸಿರು ಬಿಡುತ್ತಿರುತ್ತದೆ. ಕತ್ತಲೆಯಲ್ಲಿ ಕೇಳುವ ಗುಳ್ಳೆ ತಳದ್ದು ಎನ್ನುವ ಸಾಧ್ಯತೆ ಆಗ ಜಾಸ್ತಿ.

ಅಂಕಿ ದುಡ್ಡಾಗುವಾಗ

‘ಎಷ್ಟು’ ಎನ್ನುವುದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ಮೀಥೇನ್ ಈಗ ಲೆಕ್ಕಪತ್ರದ ವಸ್ತುವಾಗುತ್ತಿದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರಲ್ಲಿ ತನ್ನ ಲೆಕ್ಕದ ನಿಯಮ ಪರಿಷ್ಕರಿಸಿದಾಗ, ಮನುಷ್ಯ ಕಟ್ಟಿದ ಜಲಾಶಯ, ಹೊಂಡ, ಕಾಲುವೆಗಳ ಮೀಥೇನಿಗೂ ವಿಧಾನ ಕೊಟ್ಟಿತು. ಬೆಂಗಳೂರಿನ ಕೆರೆಗಳು ಬಹುತೇಕ ಏರಿ ಹಾಕಿ ಕಟ್ಟಿದವೇ. ಭಾರತ 2021ರ ಜಾಗತಿಕ ಮೀಥೇನ್ ಒಪ್ಪಂದಕ್ಕೆ ಸೇರಿಲ್ಲ, ಹಾಗಾಗಿ ಆ ಕಡೆಯಿಂದ ಒತ್ತಡ ಇಲ್ಲ. ಆದರೆ ಕೆರೆ ಸರಿಮಾಡಿ ಇಷ್ಟು ಮೀಥೇನ್ ಉಳಿಸಿದೆವು ಎಂದು ತೋರಿಸಿ ಕಾರ್ಬನ್ ಕ್ರೆಡಿಟ್ ಮಾರುವ ಆಸೆ ಯಾರಿಗೂ ಬರಬಹುದು. ಆಗ ಸದ್ದಿನಿಂದ ಬಂದ ಒಂದು ಅಂದಾಜು ಅಂಕಿ ಬಿಲ್ಲಿನ ಅಂಕಿಯಾಗುತ್ತದೆ. ಕೆಲವು ಪಟ್ಟು ತಪ್ಪಬಹುದಾದ ಅಂಕಿಯ ಮೇಲೆ ಬಿಲ್ ಬರೆಯುವುದು ಅಪಾಯ.

ಹಾಗೆಂದು ಸದ್ದನ್ನು ಬದಿಗಿಡುವುದೂ ಸರಿಯಲ್ಲ. ಆಲಿಕೆ ಇಟ್ಟವರು ವಾರಕ್ಕೊಮ್ಮೆ ಹೋಗಿ ಒಟ್ಟು ಗ್ಯಾಸ್ ಅಳೆಯುತ್ತಾರೆ, ಅದರಲ್ಲಿ ಮಂಗಳವಾರ ರಾತ್ರಿ ಏನಾಯಿತು ಎಂದು ಗೊತ್ತಾಗುವುದಿಲ್ಲ. ಹೈಡ್ರೋಫೋನಿಗೆ ಮಂಗಳವಾರ ರಾತ್ರಿ ಗೊತ್ತು, ಒಟ್ಟು ಎಷ್ಟು ಎಂದು ಗೊತ್ತಿಲ್ಲ. ಒಂದೇ ಜಾಗದಲ್ಲಿ ಎರಡನ್ನೂ ಇಟ್ಟರೆ ಆಲಿಕೆಯ ಅಳತೆ ಸದ್ದಿಗೆ ತಕ್ಕಡಿಯಾಗುತ್ತದೆ. ಆ ಕೆಸರಿನ ಗುಳ್ಳೆ ಎಷ್ಟು ಜೋರಾಗಿ ಹಾಡುತ್ತದೆ ಎಂಬ ಗೊತ್ತಿಲ್ಲದ ಸಂಖ್ಯೆ ಆ ಕೆರೆಯ ಮಟ್ಟಿಗೆ ಸಿಗುತ್ತದೆ. ಇನ್ನೊಂದು ಕೆರೆಗೆ ಹೋದರೆ ಮತ್ತೆ ತೂಗಬೇಕು. ದುಬಾರಿ ಕೆಲಸವಲ್ಲ, ತಾಳ್ಮೆಯ ಕೆಲಸ. ಒಂದು ಕೆರೆಯಲ್ಲಿ ತೂಗಿದ್ದನ್ನು ಊರಿನ ಎಲ್ಲ ಕೆರೆಗೂ ಗುಣಿಸಿ ಡ್ಯಾಶ್‌ಬೋರ್ಡಿನಲ್ಲಿ ಹಾಕುವ ಚಪಲವನ್ನು ತಡೆದುಕೊಂಡರೆ ಸಾಕು.

ಇದನ್ನು ಒರೆಗೆ ಹಚ್ಚಲು ಹೊಸ ಯೋಜನೆಯೂ ಬೇಕಿಲ್ಲ. ಹೂಳೆತ್ತುವ ಕೆಲಸ ಹೇಗೂ ನಡೆಯುತ್ತದೆ. ಗುಳ್ಳೆ ಹುಟ್ಟುವುದು ಹೂಳಿನಲ್ಲಿ, ಹೂಳು ಹೋದರೆ ಸದ್ದು ಇಳಿಯಬೇಕು. ಒಂದು ಬೇಸಿಗೆ ಮೊದಲು, ಒಂದು ಬೇಸಿಗೆ ಆಮೇಲೆ ಕೇಳಿಸಿಕೊಂಡರೆ ಉತ್ತರ ಸಿಗುತ್ತದೆ. ಬೆಳ್ಳಂದೂರಿನಲ್ಲಿ ಹೂಳೆತ್ತಲು ಶುರು ಮಾಡಿ ವರ್ಷಗಳಾದವು, ಅಲ್ಲಿಯ ‘ಮೊದಲು’ ಇನ್ನು ಸಿಗುವುದಿಲ್ಲ. ಜೆಸಿಬಿ ಇನ್ನೂ ಇಳಿಯದ ಕೆರೆಗಳಲ್ಲಿ ಮಾತ್ರ ಅದು ಬಾಕಿ ಇದೆ.